ಮೊಸಳೆ ಎಲ್ಲಿ ಹೋಯ್ತು?

ನಮ್ಮ ಜಗಳೂರಲ್ಲಿ ಗೋಡೆ ಬರಹ ಅಂದ್ರೆ ಚುನಾವಣೆ ಚಿಹ್ನೆ. ಮೊನ್ನೆ ಬೆಂಗಳೂರಿನಲ್ಲಿ ಗೈಡ್ ಜೊತೆ ಬೀದಿಚಿತ್ರ ನೋಡ್ತಾ ನಡೆದೆ. ಗೋಡೆಗಳೇನೋ ಚೆಂದ. ಆದರೆ ನಾನು ಹುಡುಕುತ್ತಿದ್ದ ಚಿತ್ರಗಳು ಈಗ ಇಲ್ಲ.

2009ರಲ್ಲಿ ಬಿಬಿಎಂಪಿ ಗೋಡೆಗಳಿಗೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಕೂಲಿ ಸಿಕ್ಕಿತು. ಒಳ್ಳೇದೇ ಆಯ್ತು. ಆದರೆ ಸರ್ಕಾರಿ ಗೋಡೆ ಸರ್ಕಾರವನ್ನೇ ಪ್ರಶ್ನೆ ಕೇಳುತ್ತಾ?

ಬೀದಿಯೇ ಕೇಳಿತು. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಮೊಸಳೆ ಬಿಟ್ಟರು. ಸುದ್ದಿಯಾಯ್ತು, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್, ಚಂದ್ರಯಾನ-2 ಇಳಿಯಬೇಕಿದ್ದ ಹೊತ್ತು. ಹೇರೋಹಳ್ಳಿ ಕಡೆಯ ಗುಂಡಿರಸ್ತೆಯಲ್ಲಿ ‘ಗಗನಯಾತ್ರಿ’ಯನ್ನು ನಡೆಸಿದವರೂ ಅವರೇ. ಪಕ್ಕದಲ್ಲಿ ಆಟೋ ಹಾದಾಗಲೇ ಗೊತ್ತಾಗಿದ್ದು, ಅದು ಚಂದ್ರ ಅಲ್ಲ ಅಂತ! ಆ ರಸ್ತೆಯೂ ರಿಪೇರಿ ಆಯ್ತು.

ಕೆಲಸ ಮುಗಿಯಿತು, ಚಿತ್ರ ಅಳಿಯಿತು. ಅದೇ ಅದರ ಗೆಲುವು.

ನಾನು ಎಂಜಿನಿಯರಿಂಗ್ ಓದಿದವನು. ಗುಂಡಿ ಮುಚ್ಚೋಕೆ ಜಲ್ಲಿ, ಡಾಂಬರು, ನೀರು ಹರಿಯೋ ಚರಂಡಿ ಬೇಕು, ಮೊಸಳೆ ಬೇಕಿಲ್ಲ. ಅರ್ಜಿಗೆ ಏಳದ ವ್ಯವಸ್ಥೆ ಕ್ಯಾಮೆರಾ ಕಂಡರೆ ಎದ್ದು ಕೂರುತ್ತೆ. ಹಾಗಾದರೆ ಜಗಳೂರಿನ ಗುಂಡಿಗೆ ನಮ್ಮ ಕ್ಯಾಮೆರಾ ಎಷ್ಟು ಸಲ ಹೋಗಿದೆ? ಈ ಪ್ರಶ್ನೆ ಅಧಿಕಾರಿಗಳಿಗಲ್ಲ, ನನಗೇ.