‘ಅಪಾರ್ಥ ಮಾಡ್ಕೋಬೇಡಿ’ ಖ್ಯಾತಿಯ ಎಂ.ಎಸ್. ಉಮೇಶ್: ಹೆಸರಿಗಿಂತ ಮೊದಲು ಮುಖ ನೆನಪಾಗುವ ನಟ

ಕನ್ನಡದ ಹಿರಿಯ ಹಾಸ್ಯನಟ, ಪೋಷಕ ನಟ ಎಂ.ಎಸ್. ಉಮೇಶ್ ಹುಟ್ಟಿದ್ದು 1945ರ ಏಪ್ರಿಲ್ 24ರಂದು ಮೈಸೂರಿನಲ್ಲಿ. 2025ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 80 ವರ್ಷ. ಪೂರ್ಣ ಹೆಸರು ಮೈಸೂರು ಶ್ರೀಕಂಠಯ್ಯ ಉಮೇಶ್. ನಾಲ್ಕನೇ ವಯಸ್ಸಿಗೇ ಮುಖಕ್ಕೆ ಬಣ್ಣ ಹಚ್ಚಿಕೊಂಡವರು. ನಾಟಕ ಕಂಪನಿ, ಸಿನಿಮಾ, ಕಿರುತೆರೆ ಎಲ್ಲ ಸೇರಿಸಿದರೆ ಎಪ್ಪತ್ತು ವರ್ಷ ದಾಟಿದ ದುಡಿಮೆ. ಸಿನಿಮಾಗಳ ಲೆಕ್ಕವೇ 350ಕ್ಕೂ ಹೆಚ್ಚು.

ಇಷ್ಟಾದರೂ ‘ಎಂ.ಎಸ್. ಉಮೇಶ್’ ಅಂದರೆ ಯಾರು ಅಂತ ಕೇಳುವವರೇ ಹೆಚ್ಚು. ‘ಅಪಾರ್ಥ ಮಾಡ್ಕೋಬೇಡಿ’ ಅಂದರೆ ಸಾಕು, ಮುಖ ಕಣ್ಣ ಮುಂದೆ ಬಂದುಬಿಡುತ್ತದೆ. ಸಣ್ಣ ದೇಹ, ಗಾಬರಿಗೊಂಡ ದೊಡ್ಡ ಕಣ್ಣು, ಏನೋ ಹೇಳಲು ಹೋಗಿ ಇನ್ನೇನೋ ಆಗಿಬಿಟ್ಟಾಗ ಏರುವ ಆ ದನಿ. ಪೋಷಕ ನಟರ ಪಾಡೇ ಇದು. ಹೀರೋ ಹೆಸರಿಗೆ ಜನ ಟಿಕೆಟ್ ತಗೊಳ್ತಾರೆ, ಮನೆಗೆ ಬಂದ ಮೇಲೆ ಮಾತಾಡುವುದು ಎರಡು ಸೀನ್‌ನಲ್ಲಿ ಬಂದುಹೋದವನ ಬಗ್ಗೆ.

ಕಂಪನಿ ನಾಟಕದ ಹುಡುಗ

ಉಮೇಶ್ ಬಾಲನಟನಾಗಿ ಮೊದಲು ಕಾಣಿಸಿಕೊಂಡದ್ದು ಕೆ. ಹಿರಣ್ಣಯ್ಯನವರ ಮಿತ್ರಮಂಡಳಿಯಲ್ಲಿ. ಮುಂದೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. 1884ರಲ್ಲಿ ಶುರುವಾದ ಈ ಗುಬ್ಬಿ ಕಂಪನಿಯನ್ನು ಆ ಕಾಲದ ನಟನಾ ಶಾಲೆ ಅಂತಲೇ ಕರೆಯಬಹುದು. ಡಾ. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ಬಿ.ವಿ. ಕಾರಂತ, ಎಲ್ಲರೂ ಒಂದಲ್ಲ ಒಂದು ಹಂತದಲ್ಲಿ ಆ ಕಂಪನಿಯ ಅನ್ನ ಉಂಡವರೇ.

ಕಂಪನಿ ಜೀವನ ಹೇಗಿತ್ತು ಅನ್ನುವುದನ್ನು ಇವತ್ತಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಊರಲ್ಲಿ ಡೇರೆ ಹಾಕಿದರೆ ವಾರಗಟ್ಟಲೆ, ಕಲೆಕ್ಷನ್ ಚೆನ್ನಾಗಿದ್ದರೆ ತಿಂಗಳುಗಟ್ಟಲೆ ಅಲ್ಲೇ ಮೊಕ್ಕಾಂ. ಊಟ, ವಸತಿ ಎಲ್ಲ ಕಂಪನಿಯದ್ದು. ಹಗಲು ಪ್ರಾಕ್ಟೀಸ್, ರಾತ್ರಿ ಆಟ. ಮೈಕ್ ಇಲ್ಲದಿದ್ದರೂ ಕೊನೇ ಸಾಲಿನಲ್ಲಿ ಕೂತವನಿಗೆ ಮಾತು ಕೇಳಿಸಬೇಕು. ಒಬ್ಬ ನಟ ಮಲಗಿಬಿಟ್ಟರೆ ಅವನ ಪಾತ್ರವನ್ನು ಇನ್ನೊಬ್ಬ ಅವತ್ತೇ ಮಾಡಬೇಕು. ಹೀಗಾಗಿ ಹುಡುಗರು ತಮ್ಮ ಮಾತಿನ ಜೊತೆ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಊರು ಬಿಟ್ಟು ಕ್ಯಾಂಪಿನಲ್ಲಿ, ಹತ್ತಾರು ಜನರ ಜೊತೆ ಒಂದೇ ಅಡುಗೆಮನೆಯ ಊಟ ಮಾಡಿಕೊಂಡು ದುಡಿಯುವುದು ಅಂದರೆ ಏನು ಅಂತ ಗಲ್ಫ್‌ನಲ್ಲಿರುವವರಿಗೆ ವಿವರಿಸಬೇಕಿಲ್ಲ.

ಅಲ್ಲಿ ಹಾಸ್ಯದ ಪಾತ್ರಕ್ಕೆ ಇನ್ನೊಂದು ಕೆಲಸವೂ ಇತ್ತು. ಪರದೆ ಹಿಂದೆ ಸೀನ್ ಬದಲಾಯಿಸುವಷ್ಟು ಹೊತ್ತು ಮುಂದೆ ನಿಂತು ಜನರನ್ನು ಹಿಡಿದಿಟ್ಟುಕೊಳ್ಳುವುದು. ಎಷ್ಟು ಹೊತ್ತು ಅಂತ ಮೊದಲೇ ಗೊತ್ತಿರುವುದಿಲ್ಲ. ಜನ ನಕ್ಕರೆ ಬೆಳೆಸಬೇಕು, ನಗದಿದ್ದರೆ ತಕ್ಷಣ ದಾರಿ ಬದಲಿಸಬೇಕು. ಉಮೇಶ್ ಸಿನಿಮಾದಲ್ಲಿ ಒಂದು ಮಾತು ಹೇಳಿ, ಎದುರಿನವರ ಮುಖ ನೋಡಿ, ಅರೆಗಳಿಗೆ ತಡೆದು ಮುಂದಿನ ಮಾತು ಬಿಡುತ್ತಾರಲ್ಲ, ಅದು ಡೇರೆಯಲ್ಲಿ ಕಲಿತ ವಿದ್ಯೆ.

ಹೀರೋ ಆದ ಹುಡುಗ, ನಂತರದ ಹದಿನೈದು ವರ್ಷ

1960ರಲ್ಲಿ ಬಿ.ಆರ್. ಪಂತುಲು ‘ಮಕ್ಕಳ ರಾಜ್ಯ’ ಅನ್ನುವ ಚಿತ್ರ ಮಾಡಿದರು. ‘ಸ್ಕೂಲ್ ಮಾಸ್ಟರ್’ ಆಗಿ ಎರಡು ವರ್ಷಕ್ಕೆ, ‘ಕಿತ್ತೂರು ಚೆನ್ನಮ್ಮ’ಕ್ಕಿಂತ ಒಂದು ವರ್ಷ ಮೊದಲು. ಅದರ ಮುಖ್ಯ ಪಾತ್ರಕ್ಕೆ ಅವರಿಗೆ ಸಿಕ್ಕಿದ್ದು ಹದಿನೈದರ ಈ ಹುಡುಗ. ಮೊದಲ ಸಿನಿಮಾ, ಅದೂ ಪಂತುಲು ಅವರಂಥ ನಿರ್ದೇಶಕರದ್ದು, ಅದರಲ್ಲೂ ಮುಖ್ಯ ಪಾತ್ರ. ಮುಂದೆ ದಾರಿ ಸಲೀಸು ಅಂತ ಯಾರಾದರೂ ಅಂದುಕೊಳ್ಳಬೇಕು.

ಹಾಗಾಗಲಿಲ್ಲ. ಬಾಲನಟರ ಕಷ್ಟವೇ ಇದು. ಹುಡುಗನೂ ಅಲ್ಲ, ಹೀರೋ ಆಗುವ ಮೈಕಟ್ಟೂ ಅಲ್ಲ. ಉಮೇಶ್ ಮತ್ತೆ ರಂಗಭೂಮಿಗೆ ಹೋದರು. ಸಿನಿಮಾ ಅವರನ್ನು ಮತ್ತೆ ಗಂಭೀರವಾಗಿ ನೋಡಲು 1976ರ ತನಕ ಕಾಯಬೇಕಾಯಿತು. ಹದಿನೈದು ವರ್ಷಕ್ಕೂ ಹೆಚ್ಚು. ಅವರ ಬಗ್ಗೆ ಬರೆಯುವವರು ಈ ಅವಧಿಯನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ ಮನುಷ್ಯನ ಹದಿನೈದರಿಂದ ಮೂವತ್ತರ ವಯಸ್ಸು ಅಂದರೆ ದುಡಿದು ಊರಬೇಕಾದ ಕಾಲ. ಆ ಕಾಲ ಪೂರ್ತಿ ಅವರನ್ನು ನಟನಾಗಿ ಉಳಿಸಿದ್ದು ನಾಟಕ.

‘ಕಥಾಸಂಗಮ’: ನಗಿಸದೆ ಬಂದ ಪ್ರಶಸ್ತಿ

1976ರ ಜನವರಿಯಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ಕಥಾಸಂಗಮ’ ಬಿಡುಗಡೆ ಆಯಿತು. ಒಂದೇ ಸಿನಿಮಾದೊಳಗೆ ಮೂರು ಬೇರೆಬೇರೆ ಕಥೆ. ಗಿರಡ್ಡಿ ಗೋವಿಂದರಾಜರ ‘ಹಂಗು’, ವೀಣಾ ಎಲಬುರ್ಗಿ ಅವರ ‘ಅತಿಥಿ’, ಈಶ್ವರಚಂದ್ರರ ‘ಮುನಿತಾಯಿ’. ಕನ್ನಡದಲ್ಲಿ ಆಗ ಅದು ಹೊಸ ಪ್ರಯೋಗ. ಮೂರನೇ ಕಥೆಯಲ್ಲಿ ಕಣ್ಣು ಕಾಣದ ಮುನಿತಾಯಿಯಾಗಿ ಆರತಿ, ಜೊತೆಗೆ ಇನ್ನೂ ಹೊಸಬರಾಗಿದ್ದ ರಜನಿಕಾಂತ್, ಮತ್ತು ಉಮೇಶ್. ರಜನಿಕಾಂತ್ ಅವರ ಮೊದಲ ಕನ್ನಡ ಚಿತ್ರ ಇದು. ಇದೇ ಕಥೆ ಮುಂದೆ 1984ರಲ್ಲಿ ತಮಿಳಿಗೆ ‘ಕೈ ಕೊಡುಕ್ಕುಂ ಕೈ’ ಆಗಿ ಹೋಯಿತು, ಅದರಲ್ಲೂ ರಜನಿಕಾಂತ್ ನಟಿಸಿದರು.

‘ಮುನಿತಾಯಿ’ ನಗುವ ಕಥೆ ಅಲ್ಲ. ಕಣ್ಣಿಲ್ಲದ ಹೆಣ್ಣಿನ ಅಸಹಾಯಕತೆಯ ಮೇಲೆ ಹಳ್ಳಿಯ ಗಂಡಸರ ಕಣ್ಣು ಬೀಳುವ ಕಥೆ. ಅಂಥ ಕಡೆ ಉಮೇಶ್ ಮಾಡಿದ ಕೆಲಸಕ್ಕೆ 1975-76ನೇ ಸಾಲಿನ ರಾಜ್ಯ ಸರ್ಕಾರದ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಸಿಕ್ಕಿತು. ಮುಂದಿನ ನಾಲ್ಕೈದು ದಶಕ ಜನರನ್ನು ನಗಿಸಿಯೇ ಬದುಕಿದ ನಟನಿಗೆ ಆರಂಭದಲ್ಲೇ ಬಂದ ದೊಡ್ಡ ಮನ್ನಣೆ ನಗಿಸದ ಪಾತ್ರಕ್ಕೆ ಅನ್ನುವುದನ್ನು ಗಮನಿಸಬೇಕು. ಪುಟ್ಟಣ್ಣ ಆ ಮುಖದಲ್ಲಿ ಕಂಡದ್ದನ್ನು ಉಳಿದ ನಿರ್ದೇಶಕರು ಹೆಚ್ಚು ಬಳಸಿಕೊಳ್ಳಲಿಲ್ಲ. ಉಮೇಶ್ ಅವರಿಗೆ ಇದ್ದ ಶಕ್ತಿಯಲ್ಲಿ ಅರ್ಧದಷ್ಟು ಮಾತ್ರ ತೆರೆಗೆ ಬಂತು ಅಂದರೆ ತಪ್ಪಾಗಲಾರದು.

ಎಂಬತ್ತರ ದಶಕ: ಕೈತುಂಬ ಸಣ್ಣ ಪಾತ್ರಗಳು

ನರಸಿಂಹರಾಜು 1979ರಲ್ಲಿ ತೀರಿಕೊಂಡರು. 1954ರ ‘ಬೇಡರ ಕಣ್ಣಪ್ಪ’ದಿಂದ ಕಾಲು ಶತಮಾನ ಕನ್ನಡ ಸಿನಿಮಾದ ನಗು ಅಂದರೆ ಅವರೇ ಆಗಿದ್ದರು. ಆ ಜಾಗವನ್ನು ಒಬ್ಬರೇ ತುಂಬಲು ಆಗಲಿಲ್ಲ. ದ್ವಾರಕೀಶ್, ದಿನೇಶ್, ಎನ್.ಎಸ್. ರಾವ್, ಮುಸುರಿ ಕೃಷ್ಣಮೂರ್ತಿ, ರತ್ನಾಕರ್, ಮೈಸೂರು ಲೋಕೇಶ್, ಉಮೇಶ್, ಹೀಗೆ ಒಂದು ತಂಡವೇ ಅದನ್ನು ಹಂಚಿಕೊಂಡಿತು. ಪೋಸ್ಟರ್‌ನಲ್ಲಿ ಇವರ ಮುಖ ಮೂಲೆಯಲ್ಲಿ ಇರುತ್ತಿತ್ತು, ಕೆಲವು ಸಲ ಅದೂ ಇಲ್ಲ.

1981ರ ‘ಗುರು ಶಿಷ್ಯರು’ ಚಿತ್ರದಲ್ಲಿ ದಡ್ಡ ಶಿಷ್ಯರ ಗಲಾಟೆಯೇ ಜೀವಾಳ. ಆ ಚಿತ್ರದಲ್ಲೂ ಉಮೇಶ್ ಇದ್ದಾರೆ. ರಾಜ್‌ಕುಮಾರ್ ಜೊತೆ ‘ಕಾಮನ ಬಿಲ್ಲು’ (1983), ‘ಶ್ರುತಿ ಸೇರಿದಾಗ’ (1987). ಸ್ವತಃ ಕಂಪನಿ ನಾಟಕದಿಂದ ಬಂದ ರಾಜ್‌ಕುಮಾರ್ ಎದುರು ನಿಂತು ಮಾತಾಡಲು ರಂಗಭೂಮಿಯವರಿಗೆ ಒಂದು ಸಲುಗೆ ಇರುತ್ತಿತ್ತು, ಇಬ್ಬರ ವ್ಯಾಕರಣವೂ ಒಂದೇ.

ನಾಟಕದವರಿಗೆ ಅಷ್ಟೊಂದು ಸಣ್ಣ ಪಾತ್ರಗಳು ಯಾಕೆ ಸಿಗುತ್ತಿದ್ದವು? ಇದಕ್ಕೆ ಹಣಕಾಸಿನ ಕಾರಣವೂ ಉಂಟು. ಆಗ ಡಿಜಿಟಲ್ ಕ್ಯಾಮೆರಾ ಇಲ್ಲ. ಫಿಲ್ಮ್ ರೋಲ್ ದುಬಾರಿ. ಒಂದು ಟೇಕ್ ಹಾಳಾದರೆ ಅಷ್ಟು ಅಡಿ ಫಿಲ್ಮ್, ಅಷ್ಟು ದುಡ್ಡು ಹೋದ ಹಾಗೆ. ಒಂದು ಪುಟದ ಡೈಲಾಗ್ ಕೊಟ್ಟರೆ ಒಂದೇ ಟೇಕ್‌ನಲ್ಲಿ ಮುಗಿಸಿಕೊಡುವ ನಟ ನಿರ್ಮಾಪಕನಿಗೆ ದೇವರಿದ್ದ ಹಾಗೆ. ಆದರೆ ಪೇಮೆಂಟ್ ಮಾತ್ರ ದಿನದ ಲೆಕ್ಕ. ಕಾಲ್‌ಶೀಟ್ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ಬೋನಸ್, ಗ್ರಾಚುಯಿಟಿ ಅನ್ನುವ ಮಾತೇ ಬರುವುದಿಲ್ಲ. ಹಾಗಾಗಿ ಬಂದ ಪಾತ್ರವನ್ನು ಬೇಡ ಅನ್ನುವ ಸೌಕರ್ಯ ಪೋಷಕ ನಟರಿಗೆ ಇರುತ್ತಿರಲಿಲ್ಲ. 350 ಅನ್ನುವ ಅಂಕಿಯನ್ನು ಆ ಕಣ್ಣಿನಿಂದಲೂ ನೋಡಬೇಕು.

ಸೀತಾಪತಿ

1990ರ ‘ಗೋಲ್‌ಮಾಲ್ ರಾಧಾಕೃಷ್ಣ’. ನಿರ್ದೇಶನ ಸಾಯಿಪ್ರಕಾಶ್, ನಾಯಕ ಅನಂತ್‌ನಾಗ್. ಉಮೇಶ್ ಅವರದ್ದು ಸೀತಾಪತಿ ಅನ್ನುವ ಪಾತ್ರ. ಬಾಯಿ ಬಿಟ್ಟರೆ ಎಡವಟ್ಟು, ಸರಿಮಾಡಲು ಹೋದರೆ ಇನ್ನೂ ದೊಡ್ಡ ಎಡವಟ್ಟು, ಕೊನೆಗೆ ಉಳಿಯುವುದು ‘ಅಪಾರ್ಥ ಮಾಡ್ಕೋಬೇಡಿ’ ಅನ್ನುವ ಗೋಗರೆತ. ಬರೆದಿಟ್ಟರೆ ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಮೂಲತಃ ಬರೀ ಎರಡು ಪದ. ಉಮೇಶ್ ಅದನ್ನು ಪ್ರತಿ ಸಲ ಬೇರೆ ಥರ ಹೇಳುತ್ತಾರೆ. ಒಮ್ಮೆ ಹೆದರಿ, ಒಮ್ಮೆ ಬೇಡಿಕೊಂಡು, ಒಮ್ಮೆ ‘ಆಗುವುದು ಆಯಿತು’ ಅನ್ನುವ ಹಾಗೆ. ಅನಂತ್‌ನಾಗ್ ಮುಖ ಗಂಟು ಹಾಕಿಕೊಂಡಷ್ಟೂ ಈ ಕಡೆ ನಗು ಹೆಚ್ಚು.

ಒಂದು ಡೈಲಾಗ್ ಅಷ್ಟು ಹಿಟ್ ಆದರೆ ನಟನಿಗೆ ಲಾಭವೂ ಹೌದು, ಕಟ್ಟುಪಾಡೂ ಹೌದು. ಆಮೇಲೆ ಬಂದ ಪಾತ್ರಗಳಲ್ಲಿ ಬಹುಪಾಲು ಅದೇ ಗಾಬರಿಯ ಗಂಡ, ಅದೇ ಗುಮಾಸ್ತ, ಅದೇ ಪುಕ್ಕಲ ನೆರೆಯವ. 2009ರ ‘ವೆಂಕಟ ಇನ್ ಸಂಕಟ’ದ ಕಾಲಕ್ಕೂ, ಅಂದರೆ ನಿರ್ದೇಶಕರ ತಲೆಮಾರು ಬದಲಾದ ಮೇಲೂ, ಅವರಿಗೆ ಕರೆ ಬರುತ್ತಲೇ ಇತ್ತು.

ಟಿವಿ ಬಂದ ಮೇಲೆ

ಬೆಂಗಳೂರು ದೂರದರ್ಶನ 1981ರಲ್ಲಿ, ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ. ಈ ಮೂರು ಇಸವಿ ಹಾಸ್ಯನಟರ ಬದುಕನ್ನು ಬದಲಿಸಿದವು. ಉಮೇಶ್ ಕಿರುತೆರೆಯಲ್ಲೂ ನಟಿಸಿದರು. ಆದರೆ ಅವರಿಗೆ ಟಿವಿ ಮಾಡಿದ ದೊಡ್ಡ ಉಪಕಾರ ಬೇರೆ: ಹಳೇ ಸಿನಿಮಾಗಳ ಮರುಪ್ರಸಾರ. ಥಿಯೇಟರ್‌ನಿಂದ ಎಂದೋ ಎತ್ತಂಗಡಿಯಾಗಿದ್ದ ಸೀತಾಪತಿ ವರ್ಷಕ್ಕೆ ಹಲವು ಸಲ ಮನೆಗೆ ಬರತೊಡಗಿದ. ಡಿಶ್ ಹಾಕಿಸಿಕೊಂಡ ಗಲ್ಫ್‌ನ ರೂಮುಗಳಿಗೂ ಬಂದ. ಈಗ ವಾಟ್ಸಾಪ್‌ನಲ್ಲಿ ಅರ್ಧ ನಿಮಿಷದ ತುಣುಕಾಗಿ ಬರುತ್ತಾನೆ. ಅಪ್ಪ ನೋಡಿದ್ದನ್ನು ಮಗ ನೋಡುತ್ತಾನೆ. ಮರುಪ್ರಸಾರಕ್ಕೆ ಪೋಷಕ ನಟನಿಗೆ ಪೈಸೆ ಬರುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ ಅನ್ನುವುದು ಬೇರೆ ಮಾತು.

ಟಿವಿಯಲ್ಲೇ ಎರಡನೇ ಇನಿಂಗ್ಸ್ ಆಡಿದವರಿಗೆ ಉದಾಹರಣೆ ಬೇಕಾದರೆ ಬ್ಯಾಂಕ್ ಜನಾರ್ಧನ್ ಅವರನ್ನು ನೋಡಬಹುದು. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯವರು. ಬ್ಯಾಂಕ್ ಕೆಲಸ ಮಾಡುತ್ತಲೇ ನಾಟಕ ಆಡುತ್ತಿದ್ದರು, ಹೆಸರಿನ ಮುಂದಿನ ‘ಬ್ಯಾಂಕ್’ ಅಲ್ಲಿಂದ ಬಂದದ್ದು. ಉಪೇಂದ್ರ ನಿರ್ದೇಶನದ ‘ತರ್ಲೆ ನನ್ಮಗ’ (1992), ‘ಶ್!’ (1993) ಚಿತ್ರಗಳಿಂದ ಮನೆಮಾತಾದರು. ಮುಂದೆ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಧಾರಾವಾಹಿಯಲ್ಲಿ ಕಿರುತೆರೆ ವೀಕ್ಷಕರಿಗೂ ಹತ್ತಿರವಾದರು. ಜನಾರ್ಧನ್ ತೀರಿಕೊಂಡದ್ದು 2025ರ ಏಪ್ರಿಲ್ 14ರಂದು, ಉಮೇಶ್‌ಗಿಂತ ಏಳೂವರೆ ತಿಂಗಳು ಮೊದಲು. ಒಂದೇ ವರ್ಷ ಇಬ್ಬರೂ ಹೋದರು. ಒಬ್ಬರಿಗೆ ಬಣ್ಣದ ಬದುಕಿಗೆ ಬರುವ ಮುಂಚೆ ತಿಂಗಳ ಸಂಬಳ ಗೊತ್ತಿತ್ತು. ಇನ್ನೊಬ್ಬರಿಗೆ ನಾಲ್ಕನೇ ವಯಸ್ಸಿನಿಂದ ಬಣ್ಣವೇ ಸಂಬಳ.

ಕೊನೆಯ ದಿನಗಳು

2025ರ ಅಕ್ಟೋಬರ್‌ನಲ್ಲಿ ಉಮೇಶ್ ಮನೆಯಲ್ಲಿ ಜಾರಿ ಬಿದ್ದರು. ಪೆಟ್ಟಿಗೆ ಚಿಕಿತ್ಸೆ ಅಂತ ಆಸ್ಪತ್ರೆಗೆ ಸೇರಿಸಿ ತಪಾಸಣೆ ಮಾಡಿದಾಗ ಲಿವರ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅಷ್ಟರಲ್ಲಿ ಕಾಯಿಲೆ ಬಹಳ ಮುಂದುವರಿದಿತ್ತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನವೆಂಬರ್ 30ರಂದು ಕೊನೆಯುಸಿರೆಳೆದರು.

ಇಂಥ ಕಲಾವಿದರ ಮುಪ್ಪಿನ ಪ್ರಶ್ನೆ ಹಳೆಯದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಊರಿನಲ್ಲಿ ಯಕ್ಷಗಾನ, ನಾಟಕ ಅಂತ ಬದುಕು ಸವೆಸಿದ ಹಿರಿಯರು ಮನೆಯಲ್ಲಿದ್ದರೆ ಈ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. 2024ರಲ್ಲಿ ರಾಜ್ಯ ಸರ್ಕಾರ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಪ್ರತ್ಯೇಕ ಕಾಯ್ದೆಯನ್ನೂ ತಂದಿದೆ. ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾದಂಥ ಆದಾಯದ ಮೇಲೆ ಶೇ. 1ರಿಂದ 2ರಷ್ಟು ಸೆಸ್ ಹಾಕಿ, ಆ ಹಣವನ್ನು ಕಲಾವಿದರು, ತಂತ್ರಜ್ಞರು, ಕಾರ್ಮಿಕರ ಭದ್ರತೆಗೆ ಬಳಸುವುದು ಅದರ ಉದ್ದೇಶ. ಉಮೇಶ್ ಅವರ ಪೀಳಿಗೆಗೆ ಇದು ತಡವಾಗಿ ಬಂದ ಕಾಯ್ದೆ.

ಉಮೇಶ್ ಅವರನ್ನು ಹೊಸದಾಗಿ ನೋಡಬೇಕು ಅನ್ನುವವರು ‘ಕಥಾಸಂಗಮ’ದ ಮೂರನೇ ಕಥೆಯಿಂದ ಶುರು ಮಾಡಿ, ಆಮೇಲೆ ‘ಗೋಲ್‌ಮಾಲ್ ರಾಧಾಕೃಷ್ಣ’ ಹಾಕಿಕೊಳ್ಳುವುದು ಒಳ್ಳೆಯದು. ಎರಡೂ ಕಡೆ ಅದೇ ಕಣ್ಣು, ಅದೇ ಸಣ್ಣ ದೇಹ. ನಡುವೆ ಹದಿನಾಲ್ಕು ವರ್ಷದ ಅಂತರ.