ಇರುಳ ಮಳೆಯ ಪಟ: ಹುಬ್ಬಳ್ಳಿ-ಧಾರವಾಡದ ಬೀದಿದೀಪ ಮತ್ತು ಕ್ಯಾಮೆರಾ

ಊರ ಬೀದಿಯಲ್ಲಿ ರಾತ್ರಿ ಬೀಸುವ ಹಿಮಗಾಳಿಯನ್ನು ಪಟದಲ್ಲಿ ಹಿಡಿಯುವುದು ಶೀತದೇಶಗಳ ಛಾಯಾಗ್ರಾಹಕರಿಗೆ ಬಹುಕಾಲದಿಂದ ಪ್ರಿಯವಾದ ವಸ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಅದರ ಜಾಗವನ್ನು ತುಂಬುವುದು ಬೇಸಿಗೆಯ ಕೊನೆಯ ಗುಡುಗುಮಳೆ, ಆ ಮಳೆಯೊಡನೆ ಒಮ್ಮೊಮ್ಮೆ ಉದುರುವ ಆಣೆಕಲ್ಲು, ಮತ್ತು ಈ ಸೀಮೆಯ ರೈತರು ಮಿರಗ ಎಂದು ಕರೆಯುವ ಮೃಗಶಿರಾ ನಕ್ಷತ್ರದಿಂದ ಹಿಡಿದುಕೊಳ್ಳುವ ಮುಂಗಾರು. ಸಮುದ್ರಮಟ್ಟದಿಂದ ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿರುವ ಈ ಅವಳಿ ನಗರದ ಮೇಲೆ ನೀರು ಹೆಪ್ಪುಗಟ್ಟುವಷ್ಟು ಚಳಿ ಸಿಗುವುದು ಆ ದಿನಗಳಲ್ಲಿ 4.5 ಕಿಲೋಮೀಟರಿಗಿಂತ ಮೇಲೆಯೇ ಆದುದರಿಂದ, ಅಲ್ಲಿ ಹುಟ್ಟಿದ ಹಿಮದ ಹಳುಕು ನೆಲ ಮುಟ್ಟುವ ಮೊದಲೇ ಕರಗಿ ಹನಿಯಾಗುತ್ತದೆ. ಮೋಡದೊಳಗೆ ಏರಿಳಿದು ಪದರುಪದರಾಗಿ ಬೆಳೆದ ಆಣೆಕಲ್ಲು ಮಾತ್ರ ಗಟ್ಟಿಯಾಗಿಯೇ ಅಂಗಳಕ್ಕೆ ಬೀಳುತ್ತದೆ. ಈ ಇರುಳ ಮಳೆಯ ಪಟ ಸಾಧ್ಯವಾದ ಬಗೆಯನ್ನು ಹಿಂದಿನಿಂದ ನೋಡುತ್ತ ಬಂದರೆ, ಅದು ಕ್ಯಾಮೆರಾದ ಚರಿತ್ರೆ ಎನ್ನುವುದಕ್ಕಿಂತ ಹೆಚ್ಚಾಗಿ ಬೀದಿದೀಪದ ಚರಿತ್ರೆ ಎಂಬುದು ಗೊತ್ತಾಗುತ್ತದೆ.

ಈ ಪ್ರಾಂತಕ್ಕೆ ಕ್ಯಾಮೆರಾ ಬಂದದ್ದು ಬಿಸಿಲಿನ ಆಸರೆಯಲ್ಲಿ. ಮುಂಬಯಿ ಸರಕಾರವು 1855ರಲ್ಲಿ ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯಲು ಸೇನಾಧಿಕಾರಿ ಥಾಮಸ್ ಬಿಗ್ಸ್ ಅವರನ್ನು ನೇಮಿಸಿತು. ಅವರು ಸೇನೆಗೆ ಮರಳಬೇಕಾಗಿ ಬಂದಾಗ ಆ ಕೆಲಸವನ್ನು ವೈದ್ಯ ವಿಲಿಯಂ ಪಿಗೌ ಮುಂದುವರಿಸಿದರು. ಅವರಿಬ್ಬರ ಮತ್ತು ನೀಲ್ ಎಂಬುವರ ಚಿತ್ರಗಳು ಮೆಡೋಸ್ ಟೇಲರ್ ಅವರ ಚಾರಿತ್ರಿಕ ಬರೆಹ ಹಾಗೂ ಜೇಮ್ಸ್ ಫರ್ಗುಸನ್ ಅವರ ಟಿಪ್ಪಣಿಗಳೊಡನೆ, ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಆ ಕಾಲದ ವಿಧಾನಗಳಲ್ಲೊಂದಾದ ಕ್ಯಾಲೊಟೈಪ್ ಎಂದರೆ ಬೆಳ್ಳಿಯ ಲವಣ ಸವರಿದ ಕಾಗದವನ್ನೇ ನೆಗೆಟಿವ್ ಆಗಿ ಬಳಸುವುದು. ಅಂಥ ಕಾಗದಕ್ಕೆ ಉರಿಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಬೆಳಕು ಉಣಿಸಬೇಕಾಗುತ್ತಿದ್ದುದರಿಂದ, ಕದಲದೆ ನಿಲ್ಲುವ ಕಲ್ಲಿನ ಗುಡಿ ಅದಕ್ಕೆ ತಕ್ಕ ವಸ್ತುವಾಗಿತ್ತು. ಸುರಿಯುವ ಮಳೆಯೂ ಕವಿಯುವ ಕತ್ತಲೆಯೂ ಅದರ ಅಳವಿಗೆ ಹೊರಗಿದ್ದವು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರೂ ಮುಂದೆ ಕ್ಯಾಮೆರಾ ಹಿಡಿದರಾದರೂ ಅವರದೂ ಹಗಲಿನ ಬೆಳಕನ್ನೇ ನಂಬಿದ ಕೆಲಸವಾಗಿತ್ತು.

ರಿಚರ್ಡ್ ಮ್ಯಾಡಾಕ್ಸ್ 1871ರಲ್ಲಿ ತೋರಿಸಿಕೊಟ್ಟ ಒಣ ಜೆಲಟಿನ್ ಪ್ಲೇಟು, ಅಂದರೆ ಬೆಳ್ಳಿಯ ಲವಣವನ್ನು ಜೆಲಟಿನ್ನಿನಲ್ಲಿ ಬೆರೆಸಿ ಗಾಜಿಗೆ ಬಳಿದು ಒಣಗಿಸಿದ ಫಲಕ, ಮುಂದಿನ ಹತ್ತು ವರ್ಷಗಳಲ್ಲಿ ಸುಧಾರಿಸಿ ಬಂದು ಈ ಕಟ್ಟನ್ನು ಸಡಿಲಿಸಿತು. 1882ರಲ್ಲಿ ಫಿಲಡೆಲ್ಫಿಯದ ವಿಲಿಯಂ ಜೆನಿಂಗ್ಸ್ ಇಂಥ ಪ್ಲೇಟಿನ ಮೇಲೆ ಮಿಂಚನ್ನು ಹಿಡಿದರು. ಪಾಲ್ ಮಾರ್ಟಿನ್ 1890ರ ದಶಕದಲ್ಲಿ ಲಂಡನ್ನಿನ ಗ್ಯಾಸ್ ದೀಪದ ಬೀದಿಗಳನ್ನೂ, ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1898ರಲ್ಲಿ ನ್ಯೂಯಾರ್ಕಿನ ಹಿಮ ಮುಸುಕಿದ ರಾತ್ರಿಯನ್ನೂ ಚಿತ್ರಿಸಿದರು. ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಇದು ಕೈಗೂಡಲು ಪ್ಲೇಟಿನ ಚುರುಕುತನ ಎಷ್ಟು ಕಾರಣವೋ ಬೀದಿಯಲ್ಲಿ ಸಾಲಾಗಿ ಉರಿಯುತ್ತಿದ್ದ ದೀಪಗಳೂ ಅಷ್ಟೇ ಕಾರಣ. ಮುಂಬಯಿಗೆ 1865ರಲ್ಲಿ ಗ್ಯಾಸ್ ದೀಪ ಬಂದಿತ್ತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು 1905ರಲ್ಲಿ ಹೊತ್ತಿದವು. ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಪುರಸಭೆಗಳಾದವು. ಬೀದಿಗೆ ದೀಪ ಹಚ್ಚಿಸುವುದು ಇಂಥ ಸಂಸ್ಥೆಗಳ ಹೊಣೆಯೇ ಆಗಿದ್ದರೂ ಆ ಕಾಲದ ಸೀಮೆಎಣ್ಣೆ ಕಂದೀಲಿನ ಬೆಳಕು ದಾರಿಹೋಕನ ಕಾಲಿಗೆ ಸಾಕಾಗುತ್ತಿತ್ತೇ ಹೊರತು ಮಳೆಯ ಎಳೆಯನ್ನು ಪ್ಲೇಟಿಗೆ ಇಳಿಸುವಷ್ಟು ಇರಲಿಲ್ಲ.

ಕತ್ತಲೆಗೆ ಇನ್ನೊಂದು ಮದ್ದು ಮೆಗ್ನೀಸಿಯಂ ಪುಡಿ. ಜರ್ಮನಿಯ ಮೀಥೆ ಮತ್ತು ಗೇಡಿಕೆ 1887ರಲ್ಲಿ ಮೆಗ್ನೀಸಿಯಂ ಪುಡಿಗೆ ಬೇಗ ಉರಿಯಿಸುವ ಲವಣ ಬೆರೆಸಿ, ಕಣ್ಣು ಕೋರೈಸುವ ಬೆಳಕನ್ನು ಕ್ಷಣದಲ್ಲಿ ಎಬ್ಬಿಸುವ ಮಿಶ್ರಣವನ್ನು ಸಿದ್ಧಪಡಿಸಿದರು. ಭಾರತದ ಊರುಗಳ ಛಾಯಾಗ್ರಾಹಕರಿಗೆ ಮದುವೆಯ ಮಂಟಪದಲ್ಲಿ, ಗುಂಪಿನ ಪಟದಲ್ಲಿ ಉಪಯೋಗಕ್ಕೆ ಬಂದ ಈ ಪುಡಿ ಮಳೆಯ ಬಯಲಿನಲ್ಲಿ ನಿಷ್ಪ್ರಯೋಜಕವಾಗಿತ್ತು, ಏಕೆಂದರೆ ತೇವ ತಾಗಿದರೆ ಅದು ಸರಿಯಾಗಿ ಹೊತ್ತುತ್ತಿರಲಿಲ್ಲ. ಮುಂದೆ ಗಾಜಿನ ಬುರುಡೆಯೊಳಗೆ ಉರಿಯುವ ಫ್ಲ್ಯಾಶ್ ಬಲ್ಬೂ ಆಮೇಲೆ ಎಲೆಕ್ಟ್ರಾನಿಕ್ ಫ್ಲ್ಯಾಶೂ ಬಂದು ತೇವದ ತೊಡಕು ನೀಗಿತಾದರೂ ಬೇರೊಂದು ತೊಡಕು ಉಳಿದೇ ಉಳಿಯಿತು: ಕ್ಯಾಮೆರಾದ ಮಗ್ಗುಲಿನಿಂದ ಚಿಮ್ಮುವ ಬೆಳಕು ಮೂಗಿನ ಮುಂದಿನ ಹನಿಗಳಿಗೇ ಮೊದಲು ತಾಗಿ ಮರಳುವುದರಿಂದ ಪಟದ ತುಂಬ ಬಿಳಿಯ ಬೊಟ್ಟುಗಳು ಕೂರುತ್ತವೆ, ಹಿಂದಿನ ಬೀದಿ ಕತ್ತಲೆಯಲ್ಲಿಯೇ ಮುಳುಗಿರುತ್ತದೆ. ಹಿಮ ಬೀಳುವ ಊರಿನಲ್ಲಿಯೂ ತೊಡಕು ಇದೇ.

ಮಳೆಗೂ ಹಿಮಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಬೀಳುವ ವೇಗದಲ್ಲಿ. ಹಿಮದ ಹಳುಕು ಸೆಕೆಂಡಿಗೆ ಸುಮಾರು 1 ಮೀಟರಿನಂತೆ ತೇಲುತ್ತ ಇಳಿದರೆ, 2 ಮಿಲಿಮೀಟರ್ ಗಾತ್ರದ ಮಳೆಹನಿ ಸೆಕೆಂಡಿಗೆ ಸುಮಾರು 6.5 ಮೀಟರಿನಂತೆ ಬೀಳುತ್ತದೆ. ಷಟರ್, ಅಂದರೆ ಬೆಳಕನ್ನು ಒಳಬಿಡುವ ಬಾಗಿಲು, ಸೆಕೆಂಡಿನ 60ನೆಯ ಒಂದು ಪಾಲಿನಷ್ಟು ಹೊತ್ತು ತೆರೆದಿದ್ದರೆ ಅಷ್ಟರಲ್ಲಿ ಹಿಮ 2 ಸೆಂಟಿಮೀಟರಿಗಿಂತ ಕಡಿಮೆ ಚಲಿಸಿ ಚುಕ್ಕೆಯಾಗಿಯೇ ಕಾಣುತ್ತದೆ, ಹನಿ ಸುಮಾರು 11 ಸೆಂಟಿಮೀಟರ್ ಇಳಿದು ಗೆರೆಯಾಗುತ್ತದೆ. ಆ ಗೆರೆಯಾದರೂ ಕಾಣಬೇಕಾದರೆ ದೀಪ ಹನಿಗಳ ಹಿಂದಿರಬೇಕು, ದೀಪದ ಸುತ್ತ ಕಪ್ಪು ಇರಬೇಕು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆಯ ಮೇಲೆ ಸಾಲುಗಟ್ಟುವ ತಿನಿಸಿನ ಗಾಡಿಗಳ ಬಲ್ಬಿಗೆ ಎದುರಾಗಿ ನಿಂತರೆ, ತಾಡಪತ್ರಿಯ ಅಂಚಿನಿಂದ ಸುರಿಯುವ ಧಾರೆಯೂ ಬಾಣಲೆಯಿಂದೇಳುವ ಹಬೆಯೂ ಒಂದೇ ಬೆಳಕಿನಲ್ಲಿ ಹೊಳೆಯುತ್ತವೆ, ತೊಯ್ದ ಡಾಂಬರು ಆ ಬೆಳಕನ್ನು ಎರಡು ಪಾಲು ಮಾಡಿ ತೋರಿಸುತ್ತದೆ. ಅದೇ ದೀಪಕ್ಕೆ ಬೆನ್ನು ತಿರುಗಿಸಿದರೆ ಮಳೆ ಇದ್ದೂ ಇಲ್ಲದಂತಾಗುತ್ತದೆ.

ಬೀದಿಗೆ ವಿದ್ಯುತ್ತು ಬಂದಮೇಲೂ ಫಿಲ್ಮಿನ ಚುರುಕುತನ ಸಾಲದೆಂಬ ಕೊರತೆ ಕೆಲವು ಕಾಲ ಉಳಿಯಿತು. ಕೊಡಾಕ್ ಕಂಪನಿಯ ಟ್ರೈ-ಎಕ್ಸ್ ಎಂಬ ಚುರುಕು ಫಿಲ್ಮು 1954ರಲ್ಲಿ 35 ಮಿಲಿಮೀಟರ್ ಸುರುಳಿಯಾಗಿ ಬಂದಾಗ ಜಗತ್ತಿನ ಪತ್ರಿಕಾ ಛಾಯಾಗ್ರಾಹಕರಿಗೆ ಇರುಳಿನ ಬೀದಿ ತೆರೆಯಿತು. ಭಾರತದಲ್ಲಿ ಆಮದಿನ ಬಿಗಿಯಿದ್ದ ಆ ದಿನಗಳಲ್ಲಿ, 1960ರಲ್ಲಿ ಸ್ಥಾಪನೆಯಾದ ಉದಕಮಂಡಲದ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆ ಮುಂದೆ ಇಂದು ಎಂಬ ಹೆಸರಿನಲ್ಲಿ ದೇಶೀ ಫಿಲ್ಮು ಒದಗಿಸಿತು. ಸಂಯುಕ್ತ ಕರ್ನಾಟಕದಂಥ ದಿನಪತ್ರಿಕೆಯೂ ಕರ್ಮವೀರ, ಕಸ್ತೂರಿಯಂಥ ನಿಯತಕಾಲಿಕಗಳೂ ಹೊರಡುತ್ತಿದ್ದ ಹುಬ್ಬಳ್ಳಿಯಲ್ಲಿ ಪಟಗಳಿಗೆ ಓದುಗರ ಕೊರತೆಯಿರಲಿಲ್ಲ. ಆದರೆ ಹಾಫ್‌ಟೋನ್ ಬ್ಲಾಕು, ಅಂದರೆ ಪಟವನ್ನು ಸಣ್ಣ ಚುಕ್ಕೆಗಳಾಗಿ ಒಡೆದು ಸತುವಿನ ತಗಡಿನ ಮೇಲೆ ಕೊರೆಯುವ ಅಚ್ಚಿನ ಕ್ರಮ, ಒರಟು ಸುದ್ದಿಕಾಗದದ ಮೇಲೆ ಮಳೆಯ ತೆಳುಗೆರೆಯನ್ನು ನುಂಗಿಹಾಕುವಂಥದು. ಹೀಗಾಗಿ ಆ ಕಾಲದ ಪತ್ರಿಕೆಗಳಿಗೆ ಇರುಳ ಮಳೆಗಿಂತ ಮಳೆಯ ಮರುದಿನವೇ ಒಗ್ಗುವ ವಸ್ತುವಾಗಿತ್ತು: ಉರುಳಿದ ಮರ, ಹಾರಿದ ತಗಡು, ನೀರು ನಿಂತ ಓಣಿ.

ಇಷ್ಟೆಲ್ಲ ಕೂಡಿಬಂದರೂ ಗಾಳಿಮಳೆಗೆ ತನ್ನದೇ ಒಂದು ತಂಟೆಯುಂಟು: ಟೊಂಗೆ ಮುರಿದು ತಂತಿಯ ಮೇಲೆ ಬಿದ್ದೊಡನೆ ಕರೆಂಟು ಹೋಗುತ್ತದೆ, ಮಳೆಯನ್ನು ತೋರಿಸಬೇಕಾದ ದೀಪವನ್ನು ಮಳೆಯೇ ಆರಿಸುತ್ತದೆ. ಆಗ ಉಳಿಯುವುದು ವಾಹನಗಳ ಎದುರುದೀಪ ಮತ್ತು ಮಿಂಚು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಷಟರನ್ನು ತೆರೆದೇ ಇಟ್ಟು, ಮಿಂಚೇ ಬಂದು ಫ್ಲ್ಯಾಶಿನ ಕೆಲಸ ಮಾಡಲೆಂದು ಕಾಯುವುದು ಅಂಥ ಹೊತ್ತಿಗೆ ಉಳಿದಿರುವ ವಿಧಾನ. ಜೆನಿಂಗ್ಸ್ ಕಾಲದಿಂದ ಇಂದಿನವರೆಗೂ ಅದರ ತಿರುಳು ಬದಲಾಗಿಲ್ಲ.

ಡಿಜಿಟಲ್ ಸೆನ್ಸರು, ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಫಲಕ, ಮೊಬೈಲಿನೊಳಗೂ ಸೇರಿಕೊಂಡ ಮೇಲೆ ಈ ಪಟಕ್ಕೆ ಪರಿಣತಿ ಬೇಡವೆನಿಸುವಷ್ಟು ಅದು ಸುಲಭವಾಯಿತು. ಅದೇ ಕಾಲದಲ್ಲಿ ಊರಿನ ಬೆಳಕೂ ಬದಲಾಯಿತು: ಸೋಡಿಯಂ ದೀಪದ ಅರಿಸಿನ ಬಣ್ಣ ಹಿಂದೆ ಸರಿದು ಎಲ್‌ಇಡಿಯ ಬಿಳುಪು ಬಂತು, 2018ರಲ್ಲಿ ಓಡಾಟ ಆರಂಭಿಸಿದ, ಚಿಗರಿ ಎಂಬ ಹೆಸರಿನ ಬಸ್ಸುಗಳ ಗಾಜಿನ ನಿಲ್ದಾಣಗಳು ಎರಡೂ ಊರುಗಳ ನಡುವಣ ಹೆದ್ದಾರಿಯಲ್ಲಿ ದೀಪದ ಪೆಟ್ಟಿಗೆಗಳಂತೆ ನಿಂತವು, ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಮಳೆಯ ರಾತ್ರಿಯಲ್ಲಿ ದೀಪದ ದೀರ್ಘ ಸಾಲಾಯಿತು.

ಇದರಿಂದಲೇ ಇರುಳ ಮಳೆಯ ಪಟಕ್ಕೆ ಚರಿತ್ರೆಯ ದಾಖಲೆಯ ಬೆಲೆ ಬರುತ್ತದೆ: ಮಳೆ ಯಾವ ವರ್ಷದ್ದೆಂದು ಹನಿ ಹೇಳದಿದ್ದರೂ ಅದರ ಹಿಂದಿನ ಬಲ್ಬು, ಟ್ಯೂಬ್‌ಲೈಟು, ಸೋಡಿಯಂ ದೀಪ ಅಥವಾ ಎಲ್‌ಇಡಿ ತನ್ನ ಕಾಲವನ್ನು ಹೇಳುತ್ತದೆ. ಆದರೆ ಹಳೆಯ ನೆಗೆಟಿವ್‌ಗಳಿಗೆ ಮಳೆಗಾಲದ ತೇವವೇ ವೈರಿ. ಜೆಲಟಿನ್ನಿನ ಮೇಲೆ ಬೂಷ್ಟು ಹಬ್ಬಿದರೆ ಚಿತ್ರ ಮರಳಿ ಬಾರದು. ಆದುದರಿಂದ ಅಂಥ ಪಟಗಳಾಗಲಿ ನೆಗೆಟಿವ್‌ಗಳಾಗಲಿ ಮನೆಯಲ್ಲಿಯೋ ಮುಚ್ಚಿದ ಸ್ಟುಡಿಯೋದಲ್ಲಿಯೋ ಉಳಿದಿದ್ದರೆ ಅವನ್ನು ಒಣ ಜಾಗದಲ್ಲಿ ಇರಿಸಿ, ಲಕೋಟೆಯ ಮೇಲೆ ವರ್ಷ, ಓಣಿ ಮತ್ತು ಮಳೆಯ ನಕ್ಷತ್ರ ಈ ಮೂರನ್ನು ಬರೆದಿಡುವುದು ಅವುಗಳ ಒಡೆಯರು ಊರಿಗೆ ಮಾಡಬಹುದಾದ ಉಪಕಾರ.