ಹುಬ್ಬಳ್ಳಿ–ಬೆಂಗಳೂರು ವಾಯುಮಾರ್ಗ: ದೂರ ಮತ್ತು ಹಾರಾಟದ ಅವಧಿ

ಧಾರವಾಡ ಜಿಲ್ಲೆಯ ಹುಬ್ಬಳ್ಳಿಯನ್ನು ರಾಜಧಾನಿಯೊಡನೆ ಕೂಡಿಸುವ ದೇಶೀಯ ವಿಮಾನಮಾರ್ಗ. ಜಿಲ್ಲೆಯ ನಾಗರಿಕ ವಿಮಾನ ನಿಲ್ದಾಣವಿರುವುದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮಾತ್ರ. ಆದ್ದರಿಂದ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳವರಿಗೂ ಬೆಂಗಳೂರಿಗೆ ಹಾರಲು ಇದೇ ದಾರಿ.

ದೂರ

ಎರಡು ನಿಲ್ದಾಣಗಳ ನಡುವಿನ ನೇರ ದೂರ, ಎಂದರೆ ಭೂಗೋಳದ ಮೇಲ್ಮೈಯನ್ನನುಸರಿಸಿ ಅಳೆದ ಅತಿ ಕಡಿಮೆ ಅಂತರ, ಸುಮಾರು 370 ಕಿ.ಮೀ.; ವೈಮಾನಿಕರು ಬಳಸುವ ನಾಟಿಕಲ್ ಮೈಲಿಯ (1.852 ಕಿ.ಮೀ.) ಲೆಕ್ಕದಲ್ಲಿ ಇದು 200ರಷ್ಟಾಗುತ್ತದೆ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ ಸಾಗುವ ಹೆದ್ದಾರಿ ಸುಮಾರು 410 ಕಿ.ಮೀ. ಇದ್ದರೆ, ಅರಸೀಕೆರೆಯತ್ತ ಬಳಸಿ ಬರುವ ರೈಲುಮಾರ್ಗ 470 ಕಿ.ಮೀ.ಗಳಷ್ಟಿದೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ಸಂಚಾರ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ ಹುಬ್ಬಳ್ಳಿಯ ವಾಯುದೂರ ಸುಮಾರು 15 ಕಿ.ಮೀ. ಕಡಿಮೆಯಾಯಿತಾದರೂ, ಹೊಸ ನಿಲ್ದಾಣ ನಗರದ ನಡುವಿನ ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಆಚೆಗಿರುವುದರಿಂದ ಆಕಾಶದಲ್ಲಿ ಉಳಿದದ್ದಕ್ಕಿಂತ ಹೆಚ್ಚಿನ ಸಮಯ ನೆಲದ ಮೇಲೆ ಖರ್ಚಾಗತೊಡಗಿತು.

ಅವಧಿ

ವೇಳಾಪಟ್ಟಿಯಲ್ಲಿ ಕಾಣುವ ಸುಮಾರು ಒಂದೂಕಾಲು ಗಂಟೆ ಶುದ್ಧ ಹಾರಾಟದ ಕಾಲವಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಮತ್ತೆ ನಿಲ್ಲುವವರೆಗಿನ ಅವಧಿಯನ್ನು, ರನ್‌ವೇ ತಲುಪುವ ನಿಧಾನ ಚಲನೆ, ಸರದಿಯ ಕಾಯುವಿಕೆ ಮತ್ತು ಸ್ವಲ್ಪ ಮುಂಜಾಗ್ರತೆಯ ಅವಕಾಶವನ್ನೂ ಸೇರಿಸಿ, ಅದು ಸೂಚಿಸುತ್ತದೆ. ಗಾಳಿಯಲ್ಲಿ ಕಳೆಯುವ ಸಮಯ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕಡಿಮೆ. ಗಂಟೆಗೆ ಸುಮಾರು 500 ಕಿ.ಮೀ. ಸಾಗುವ, ಪಂಖಗಳಿರುವ ಎಟಿಆರ್ ವಿಮಾನಕ್ಕೂ, 800 ಕಿ.ಮೀ. ಮೀರುವ ಏರ್‌ಬಸ್ ಜೆಟ್‌ಗೂ ಈ ಮಾರ್ಗದಲ್ಲಿ ನಿರೀಕ್ಷಿಸುವಷ್ಟು ವ್ಯತ್ಯಾಸ ಬೀಳುವುದಿಲ್ಲ. ಇಷ್ಟು ಕಿರಿದಾದ ದಾರಿಯಲ್ಲಿ ಜೆಟ್ ತನ್ನ ಬಹುಪಾಲು ಸಮಯವನ್ನು ಏರುವುದರಲ್ಲಿ ಮತ್ತು ಇಳಿಯುವುದರಲ್ಲಿಯೇ ಕಳೆಯುತ್ತದೆ. ಮುಂಗಾರಿನಲ್ಲಿ ಸುಮಾರು 6 ಕಿ.ಮೀ. ಎತ್ತರದವರೆಗೆ ಪಡುವಣ ಗಾಳಿಯೂ ಅದರ ಮೇಲೆ ಮೂಡಣ ಗಾಳಿಯೂ ಬೀಸುವುದರಿಂದ, ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಎಟಿಆರ್‌ಗೆ ಎದುರುಗಾಳಿ ಸಿಕ್ಕುವ ದಿನವೇ ಎತ್ತರದಲ್ಲಿ ಹಾರುವ ಜೆಟ್‌ಗೆ ಹಿಂಗಾಳಿ ಸಿಕ್ಕಬಹುದು. ಇದರ ಪರಿಣಾಮ ಕೆಲವು ನಿಮಿಷಗಳದ್ದಷ್ಟೇ. ಮಳೆಗಾಲದ ವಿಳಂಬಕ್ಕೆ ಗಾಳಿಗಿಂತ ತಗ್ಗಿದ ಮೋಡ ಮತ್ತು ಮಂದ ಗೋಚರತೆಗಳೇ ಹೆಚ್ಚು ಕಾರಣ.

ಇತಿಹಾಸ

ಕ್ಯಾಪ್ಟನ್ ಗೊರೂರು ಆರ್. ಗೋಪಿನಾಥ್ ಸ್ಥಾಪಿಸಿದ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಸೇವೆಗಿಳಿದಾಗ ಬೆಂಗಳೂರು–ಹುಬ್ಬಳ್ಳಿ ಅದರ ಮೊದಲ ಮಾರ್ಗಗಳಲ್ಲೊಂದಾಗಿತ್ತು. 2017ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿ ನಿಲ್ದಾಣದ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ರನ್‌ವೇ ವಿಸ್ತರಣೆಯಿಂದ ಏರ್‌ಬಸ್ 320 ಇಳಿಯುವಂತಾಯಿತು.

ಹಳ್ಳಿಯಿಂದ ನಗರಕ್ಕೆ

ಪ್ರಯಾಣಿಕನಿಗೆ ಮುಖ್ಯವಾದದ್ದು ಮನೆಯಿಂದ ಮನೆಗೆ ಹಿಡಿಯುವ ಸಮಯ. ನವಲಗುಂದ ತಾಲ್ಲೂಕಿನ ಮೊರಬದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ಒಂದು ಗಂಟೆ, ತಪಾಸಣೆಗಾಗಿ ಮುಂಚಿತವಾಗಿ ತಲುಪಬೇಕಾದ ಒಂದೂವರೆ ಗಂಟೆ, ವಿಮಾನದ ಒಂದೂಕಾಲು ಗಂಟೆ, ದೇವನಹಳ್ಳಿಯಲ್ಲಿ ಸಾಮಾನು ಪಡೆದು ಮೆಜೆಸ್ಟಿಕ್ ಮುಟ್ಟಲು ಸುಮಾರು ಎರಡು ಗಂಟೆ ಎಂದು ಹಿಡಿದರೆ ಒಟ್ಟು ಆರು ಗಂಟೆಗೆ ಹತ್ತಿರವಾಗುತ್ತದೆ. 2023ರ ಜೂನ್‌ನಿಂದ ಓಡುತ್ತಿರುವ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ ಸುಮಾರು ಆರು ಗಂಟೆಯಲ್ಲಿ ಮೆಜೆಸ್ಟಿಕ್ ಪಕ್ಕದ ನಿಲ್ದಾಣವನ್ನೇ ಮುಟ್ಟಿಸುವುದರಿಂದ, ಹಳ್ಳಿಯಿಂದ ಹುಬ್ಬಳ್ಳಿಗೆ ಬರುವ ಒಂದು ಗಂಟೆಯನ್ನು ಕೂಡಿಸಿದರೂ ಮೊರಬದವರಿಗೆ ವಿಮಾನದಿಂದ ಉಳಿಯುವ ಸಮಯ ಒಂದೂಕಾಲು ಗಂಟೆಯ ಆಸುಪಾಸಿನದು.